ಮೇಷ್ಟ್ರು ಊದದ ಸೀಟಿ

ಅಂಗಿಯ ಜೇಬಿಗೆ ಗುಂಡಿ ಹಾಕಿತ್ತು.

ರಕ್ತ ಒಣಗಿ ಗಡುಸಾಗಿದ್ದ ಆ ಅಂಗಿಯನ್ನು ಪೊಲೀಸಕ್ಕ ಆಸ್ಪತ್ರೆಯ ಬೆಂಚಿನ ಮೇಲೆ ಕೂತು ತೊಡೆಯ ಮೇಲೆ ಹರವಿಕೊಂಡಿದ್ದಳು. ಜೇಬನ್ನು ಅದುಮಿದಾಗ ಬೆರಳಿಗೆ ಗಟ್ಟಿಯಾಗಿ ಏನೋ ತಗುಲಿತು. ಗುಂಡಿ ಬಿಚ್ಚಿ ತೆಗೆದರೆ ಪೀಟಿ ಮೇಷ್ಟ್ರ ಹಿತ್ತಾಳೆ ಸೀಟಿ.

"ಈ ಚೀಲ ಕಟ್ಟಿದ್ದು ಯಾರು?"

ಮೇಷ್ಟ್ರ ಮಗಳು ಕೋಣೆಯ ಬಾಗಿಲಿನಿಂದ ಕಣ್ಣು ತೆಗೆಯದೆ ಹೇಳಿದಳು. "ನರ್ಸು. ನನ್ನೆದುರಿಗೇ ಅಂಗಿ ಬಿಚ್ಚಿ, ಹಾಗೇ ಚೀಲಕ್ಕೆ ತುರುಕಿ ಕೈಗೆ ಕೊಟ್ರು. ಆಗಿಂದ ನನ್ನ ಹತ್ರಾನೇ ಇದೆ. ಯಾಕಕ್ಕ?"

"ಈ ಜೇಬಿಗೆ ಗುಂಡಿ ಯಾಕೆ?"

"ನಾನೇ ಹೊಲಿದುಕೊಟ್ಟಿದ್ದು. ಬಗ್ಗಿದಾಗೆಲ್ಲ ಸೀಟಿ ನೀರಿನ ತೊಟ್ಟಿಗೆ ಬೀಳ್ತಿತ್ತು. ಊದೋ ಹೊತ್ತಿಗೆ ತೆಗೆದು ಕೊರಳಿಗೆ ಹಾಕ್ಕೊಳ್ತಾರೆ, ಮನೆಗೆ ಬಂದ ಮೇಲೇ ತೆಗೆಯೋದು. ಊದಿ ಆದ್ಮೇಲೆ ಮತ್ತೆ ಜೇಬಿಗಿಟ್ಟು ಗುಂಡಿ ಹಾಕೋ ಜನವಾ ಅವರು? ಒಂದು ಕೈಯಲ್ಲಿ ಕೋಲು ಇರತ್ತಲ್ಲ."

ಪೊಲೀಸಕ್ಕ ಸೀಟಿಯನ್ನು ಅಂಗೈಯಲ್ಲಿ ಹೊರಳಿಸಿ ನೋಡಿದಳು. ನಿನ್ನೆ ಸಂಜೆ ಓಣಿಯವರೆಲ್ಲ ಕೇಳಿದ ಆ ಎರಡು ಸೀಟಿಯನ್ನು ಮೇಷ್ಟ್ರು ಊದಿರಲೇ ಇಲ್ಲ.

ಆ ಓಣಿಯ ಸಂಗತಿ ಗೊತ್ತಿಲ್ಲದವರಿಗೆ ಇದರಲ್ಲಿ ಬೆಚ್ಚಿಬೀಳುವಂಥದ್ದು ಏನಿದೆ ಎನ್ನಿಸಬಹುದು. ಬೆನ್ನಿಗೆ ಬೆನ್ನು ಕೊಟ್ಟು ನಿಂತ ಎರಡು ಸಾಲು ಮನೆಗಳು, ನಡುವೆ ಎಲ್ಲರಿಗೂ ಸೇರಿ ಒಂದೇ ಉದ್ದನೆಯ ಹಿತ್ತಲು. ಒಂದು ಸಾಲಿನವರಿಗೆ ಕೋಳಿ ಹುಚ್ಚು, ಇನ್ನೊಂದು ಸಾಲಿನವರಿಗೆ ನಾಯಿ ಹುಚ್ಚು. ವರ್ಷಗಟ್ಟಲೆ ಕಲ್ಲು ತೂರಾಟ, ಬೈಗುಳ, ಠಾಣೆಗೆ ದೂರು ನಡೆದವು. ಒಂದು ಮದುವೆಯ ಮಾತುಕತೆಯೂ ಕೋಳಿ ಮರಿಯ ದೆಸೆಯಿಂದ ಮುರಿದುಬಿತ್ತು.

ಕೊನೆಗೆ ನಿವೃತ್ತರಾಗಿ ಮನೆಯಲ್ಲಿ ಕೂತು ಬೇಸತ್ತಿದ್ದ ಪೀಟಿ ಮೇಷ್ಟ್ರು ಶಾಲೆಯ ಮೈದಾನದ ಶಿಸ್ತನ್ನೇ ಹಿತ್ತಲಿಗೆ ತಂದರು. ಮಧ್ಯಾಹ್ನ ಒಂದು ಉದ್ದ ಸೀಟಿ ಊದಿದರೆ ನಾಯಿ ಕಟ್ಟಬೇಕು, ಕೋಳಿ ಬಿಡಬೇಕು. ಸಂಜೆ ಅವರೇ ಕೋಲು ಹಿಡಿದು ಹೋಗಿ, ಕೋಳಿಗಳನ್ನು ಗೂಡಿಗೆ ಅಟ್ಟಿಸಿ, ಪ್ರತಿ ಗೂಡಿನ ಚಿಲಕವನ್ನೂ ಎಳೆದು ನೋಡಿ, ಆಮೇಲೆ ಎರಡು ಗಿಡ್ಡ ಸೀಟಿ ಊದುತ್ತಿದ್ದರು. ಅಂದರೆ ನಾಯಿ ಬಿಡಬಹುದು.

ಬರಬರುತ್ತ ಯಾರೂ ಹಿತ್ತಲಿಗೆ ಇಣುಕುವುದನ್ನೇ ಬಿಟ್ಟರು. ಎರಡು ಸೀಟಿ ಕಿವಿಗೆ ಬಿದ್ದರೆ ಕೈ ತಾನಾಗಿ ಸರಪಳಿಗೆ ಹೋಗುತ್ತಿತ್ತು. ನಿನ್ನೆಯೂ ಹಾಗೇ ಹೋಯಿತು. ಆದರೆ ನಿನ್ನೆ ಒಂದು ಗೂಡಿನ ಬಾಗಿಲೂ ಮುಚ್ಚಿರಲಿಲ್ಲ, ಕೋಳಿಗಳೆಲ್ಲ ಇನ್ನೂ ಹೊರಗೆ ಕೆದಕುತ್ತಿದ್ದವು.

ಆ ಗಲಾಟೆ ಮುಗಿದ ಮೇಲೆ ಮೇಷ್ಟ್ರು ತೊಟ್ಟಿಯ ಪಕ್ಕದಲ್ಲಿ ತಲೆಯ ಹಿಂಭಾಗ ಒಡೆದು ಬೋರಲಾಗಿ ಬಿದ್ದಿದ್ದರು. ಮುದುಕನಿಗೆ ಅರಳು ಮರಳು, ಹೊತ್ತಿಗೆ ಮೊದಲೇ ಊದಿಬಿಟ್ಟ, ತಪ್ಪು ಗೊತ್ತಾಗಿ ಓಡಿದ, ನಾಯಿ ಕೆಡವಿತು, ತೊಟ್ಟಿಯ ಅಂಚು ಬಡಿಯಿತು ಎಂದು ಓಣಿ ತೀರ್ಮಾನ ಮಾಡಿ ಕೈತೊಳೆದುಕೊಂಡಿತ್ತು. ಅಲ್ಲಿನ ಠಾಣೆಯವರೂ ಹೂಂ ಎಂದಿದ್ದರು.

ಪೊಲೀಸಕ್ಕನ ಠಾಣೆ ಬೇರೆ, ಊರಿನ ಆ ತುದಿಯಲ್ಲಿ. ಆದರೆ ಅವಳು ಹುಟ್ಟಿ ಬೆಳೆದದ್ದು ಇದೇ ಓಣಿಯಲ್ಲಿ. ಅಪ್ಪ ಇಲ್ಲದ ಹುಡುಗಿಯನ್ನು ಬೆಳಿಗ್ಗೆ ಎಬ್ಬಿಸಿ ಓಡಿಸಿ, ಪೊಲೀಸ್ ಪರೀಕ್ಷೆಗೆ ತಯಾರು ಮಾಡಿದವರು ಮೇಷ್ಟ್ರು. ಅವರಿಗೆ ಅರಳು ಮರಳು ಎಂದವರ ಮಾತು ಅವಳ ಎದೆಯಲ್ಲಿ ಮುಳ್ಳಿನ ಹಾಗೆ ಕೂತಿತ್ತು.

ಡಾಕ್ಟರು ಕೈ ಒರೆಸಿಕೊಳ್ಳುತ್ತ ಹೊರಗೆ ಬಂದರು.

"ಮೈಮೇಲೆ ಒಂದೇ ಒಂದು ಹಲ್ಲಿನ ಗುರುತಿಲ್ಲ. ತಲೆಯ ಗಾಯ ತೊಟ್ಟಿಯ ಅಂಚಿನದಲ್ಲ, ದುಂಡಗಿನ ವಸ್ತುವಿಂದ ಆಗಿರೋದು. ಪೈಪು, ಸಲಾಕೆ, ಅಂಥದ್ದೇನೋ."

"ಎಚ್ಚರ ಆಗತ್ತಾ?"

"ಬೆರಳು ಆಡಿಸ್ತಿದಾರೆ. ಇವತ್ತೇ ಕಣ್ಣು ಬಿಟ್ಟರೂ ಬಿಟ್ಟರು."

ಮೇಷ್ಟ್ರ ಮಗಳು ಪೊಲೀಸಕ್ಕನ ಕಡೆ ತಿರುಗಿದಳು. "ಅಪ್ಪನ್ನ ಹೊಡೆಯೋಕೆ ಯಾರಿಗಕ್ಕ ಮನಸ್ಸು ಬರತ್ತೆ?"

ಪೊಲೀಸಕ್ಕ ಓಣಿಯ ಠಾಣೆಗೆ ಫೋನ್ ಮಾಡಿ ಕಾವಲಿಗೆ ಒಬ್ಬ ಕಾನ್‌ಸ್ಟೇಬಲ್ ಕಳಿಸಿ ಎಂದಳು. ಮಧ್ಯಾಹ್ನದ ಮೇಲೆ ನೋಡೋಣ ಮೇಡಂ ಎಂಬ ಉತ್ತರ ಬಂತು. "ನೀನು ಈ ಬಾಗಿಲು ಬಿಟ್ಟು ಕದಲಬೇಡ. ನಾನು ಓಣಿಗೆ ಹೋಗಿಬರ್ತೀನಿ," ಎಂದು ಮೇಷ್ಟ್ರ ಮಗಳಿಗೆ ಹೇಳಿ ಹೊರಟಳು.

ಮೆಟ್ಟಿಲಿಳಿಯುವಾಗ ಗಂಡನ ಫೋನ್ ಬಂತು. ಮೆಡಿಕಲ್ ಸ್ಟೋರ್ ನಡೆಸುವ ಸಾಧು ಮನುಷ್ಯ. ಹೆಂಡತಿ ಊಟ ಮಾಡಿದಳೋ ಇಲ್ಲವೋ ಎಂದು ವಿಚಾರಿಸದಿದ್ದರೆ ಅವನಿಗೆ ಗಿರಾಕಿಯ ಚೀಟಿ ಓದಲು ಆಗುವುದಿಲ್ಲ ಎಂದು ಅವಳ ಸಹೋದ್ಯೋಗಿಗಳು ತಮಾಷೆ ಮಾಡುತ್ತಿದ್ದರು.

"ತಿಂಡಿ ತಿಂದ್ಯಾ?"

"ರೀ, ತಿಂಡಿ ಇರಲಿ. ಮೇಷ್ಟ್ರು ಸೀಟಿ ಊದೇ ಇಲ್ಲ. ಜೇಬಿನ ಗುಂಡಿ ಹಾಕಿದ ಹಾಗೇ ಇದೆ. ಯಾರೋ ಹಿಂದಿನಿಂದ ಹೊಡೆದಿದಾರೆ."

"ಅಯ್ಯೋ ಪಾಪ. ಏನಾದ್ರೂ ಹೇಳಿದ್ರಾ?"

"ಇನ್ನೂ ಇಲ್ಲ. ಕಣ್ಣು ಬಿಟ್ಟರೆ ಹೇಳ್ತಾರೆ, ಇವತ್ತೇ ಬಿಡಬಹುದಂತೆ."

"ನೀನು ಹುಷಾರು," ಎಂದು ಅವನು ಫೋನ್ ಇಟ್ಟ. ಮನೆಯಲ್ಲಿ ಕೇಸಿನ ಮಾತು ಆಡಬಾರದು ಎಂದು ಅವಳು ನೌಕರಿಗೆ ಸೇರಿದಾಗಲೇ ನಿಯಮ ಮಾಡಿಕೊಂಡಿದ್ದಳು. ಒಂದು ದಿನವೂ ಪಾಲಿಸಿರಲಿಲ್ಲ.

ಅವಳು ಹಿತ್ತಲಿಗೆ ಕಾಲಿಟ್ಟಳು. ಎಲ್ಲಿ ನೋಡಿದರೂ ಪುಕ್ಕ. ಒಗೆಯುವ ಕಲ್ಲಿನ ಮೇಲೆ ಪುಕ್ಕ, ಒಣಹಾಕಿದ ಬಟ್ಟೆಗೆ ಅಂಟಿದ ಪುಕ್ಕ. ಸತ್ತ ಕೋಳಿಗಳನ್ನು ಗೋಣಿಚೀಲಕ್ಕೆ ತುಂಬುತ್ತಿದ್ದ ಹೆಂಗಸರ ಮುಖದಲ್ಲಿ ಅಳುವೂ ಬತ್ತಿಹೋಗಿತ್ತು. ಬದುಕಿ ಉಳಿದ ಒಂದು ಹೇಟೆ ಗೂಡಿನ ಚಾವಣಿಯ ಮೇಲೆ ಹತ್ತಿ ಕೂತದ್ದು ಕಾಳು ತೋರಿಸಿದರೂ ಇಳಿಯುತ್ತಿರಲಿಲ್ಲ.

ಓಣಿಯ ಬಾಯಲ್ಲಿ ನಾಯಿ ಹಿಡಿಯುವ ವ್ಯಾನ್ ನಿಂತಿತ್ತು. ಅವಳ ತಮ್ಮನ ನಾಯಿ ಸಾಹುಕಾರ ಕಂಬಕ್ಕೆ ಬಿಗಿಸಿಕೊಂಡು ನಾಲಿಗೆ ಚಾಚಿತ್ತು. ಹೊಟ್ಟೆ ಮುಂದೆ ಮಾಡಿಕೊಂಡು ನಿಧಾನವಾಗಿ ನಡೆಯುವುದರಿಂದ ಆ ಹೆಸರು. ಮೇಷ್ಟ್ರನ್ನು ಕೆಡವಿದ ಆರೋಪ ಹೊತ್ತಿರುವುದು ಅದಕ್ಕೆ ತಿಳಿದಂತಿರಲಿಲ್ಲ. ಪೊಲೀಸಕ್ಕನನ್ನು ಕಂಡು ಬಾಲ ಅಲ್ಲಾಡಿಸಿತು.

"ಮೇಡಂ ಬಂದ್ರು. ಇನ್ನು ತಮ್ಮನ ನಾಯಿಗೆ ಜಾಮೀನು ಸಿಕ್ಕ ಹಾಗೇ," ಎಂದ ಹುಂಜದ ಮಾಮ. ಓಣಿಗೆಲ್ಲ ದೊಡ್ಡದಾದ ಹುಂಜವನ್ನು ಸಾಕಿ ಆ ಹೆಸರು ಸಂಪಾದಿಸಿದ್ದವನು. ಈಗ ಅದರ ಕಾಲು ಹಿಡಿದು ತಲೆಕೆಳಗಾಗಿ ನೇತಾಡಿಸಿಕೊಂಡಿದ್ದ.

"ಮಾಮ, ಮೇಷ್ಟ್ರ ಮೈಮೇಲೆ ನಾಯಿ ಕಚ್ಚಿದ ಗುರುತಿಲ್ಲ. ಅವರನ್ನ ಮನುಷ್ಯರು ಹೊಡೆದಿದಾರೆ."

ಹುಂಜ ಮಾಮನ ಕೈಯಿಂದ ಜಾರಿ ನೆಲಕ್ಕೆ ಬಿತ್ತು. ಯಾರೂ ಎತ್ತಲಿಲ್ಲ.

"ಮನುಷ್ಯರು ಅಂದ್ರೆ?" ಮಾಮನ ಹೆಂಡತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. "ನಮ್ಮವರಾ?"

"ಅದನ್ನೇ ಕೇಳೋಕೆ ಬಂದೆ. ಸೀಟಿ ಯಾವ ಕಡೆಯಿಂದ ಕೇಳಿಸ್ತು?"

"ತೊಟ್ಟಿ ಕಡೆಯಿಂದ. ಯಾವಾಗ್ಲೂ ಅಲ್ಲಿಂದಾನೇ. ಆದ್ರೆ ಸ್ವಲ್ಪ ಕೀರಲಾಗಿತ್ತು. ಮೇಷ್ಟ್ರಿಗೆ ನೆಗಡಿ ಇರಬೇಕು ಅಂದ್ಕೊಂಡೆ."

"ನೆಗಡಿಗೂ ಸೀಟಿಗೂ ಏನೇ ಸಂಬಂಧ?" ಎಂದು ಮಾಮ ಗದರಿದ. ಆದರೆ ಅವನ ದನಿಯಲ್ಲಿ ಸತ್ವವಿರಲಿಲ್ಲ.

ಕೀರಲು ದನಿಯ ಸೀಟಿ. ಹಿತ್ತಾಳೆಯದಲ್ಲ, ಹಗುರವಾದ ಪ್ಲಾಸ್ಟಿಕ್ಕಿನದು. ಪೊಲೀಸಕ್ಕ ತೊಟ್ಟಿಯ ಕಡೆ ನೋಡಿದಳು. ತೊಟ್ಟಿಗೆ ಅಂಟಿಕೊಂಡಂತೆ ಇರುವುದು ನಾಯಿ ಸಾಲಿನ ಕೊನೆಯ ಮನೆ. ಅದು ಅವಳ ತವರು. ಅಲ್ಲಿ ಈಗ ತಮ್ಮ, ಅಮ್ಮ ಇಬ್ಬರೇ ಇದ್ದರು. ತಮ್ಮ ಬಸ್ ಕಂಡಕ್ಟರ್. ಒಂದು ಸೀಟಿಗೆ ಬಸ್ ನಿಲ್ಲಿಸುವುದು, ಎರಡು ಸೀಟಿಗೆ ಹೊರಡಿಸುವುದು ಅವನ ಹೊಟ್ಟೆಪಾಡು.

ಅವಳು ತವರಿನ ಬಾಗಿಲ ಕಡೆ ಹೆಜ್ಜೆ ಹಾಕಿದಳು.

ವ್ಯಾನಿನವನು ಗಡಿಬಿಡಿ ಮಾಡಿದ. "ಪಕ್ಕದ ಗಲ್ಲಿ ಮುಗಿಸಿ ಬರ್ತೀನಿ ಮೇಡಂ. ಅಷ್ಟರಲ್ಲಿ ನಾಯಿನೋ ಮನುಷ್ಯನೋ, ಒಂದು ತೀರ್ಮಾನ ಮಾಡಿ."

ಕಂಡಕ್ಟರ್ ಅಡುಗೆಮನೆಯಲ್ಲಿ ಅಮ್ಮನಿಗೆ ಗಂಜಿ ಆರಿಸುತ್ತಿದ್ದ. ಅಕ್ಕನ ಮುಖ ನೋಡಿ ಲೋಟ ಕೆಳಗಿಟ್ಟ.

"ನಿನ್ನ ಸೀಟಿ ಎಲ್ಲಿ?"

"ಡಿಪೋದಲ್ಲಿದೆ."

"ಡಿಪೋದಲ್ಲಿ ಸೀಟಿ ಇಸ್ಕೊಳ್ತಾರಾ?"

"ಮರೆತು ಬಂದೆ ಅಕ್ಕ."

ಅವಳು ಒಳಕೋಣೆಗೆ ನಡೆದಳು. ಪಾರ್ಶ್ವವಾಯು ಹೊಡೆದ ಮೇಲೆ ಅಮ್ಮ ಮಲಗುವ ಮಂಚ ಅಲ್ಲಿತ್ತು. ಕಾಲುಗಳ ಜೊತೆಗೆ ಅವಳ ಗಂಟಲೂ ಹೋಗಿ ಪಿಸುಮಾತಷ್ಟೇ ಉಳಿದಿತ್ತು. ಅಮ್ಮ ಕಣ್ಣು ಮುಚ್ಚಿದ್ದಳು. ತಲೆದೆಸೆಯ ಮೊಳೆಗೆ ಕಂಡಕ್ಟರನ ಯೂನಿಫಾರ್ಮ್ ನೇತಾಡುತ್ತಿತ್ತು. ಅದರ ಜೇಬಿನ ಬಾಯಿ ಹೊರಕ್ಕೆ ಮಗುಚಿತ್ತು. ಯಾರೋ ಅವಸರದಲ್ಲಿ ಕೈಹಾಕಿ ಎಳೆದಂತಿತ್ತು.

"ನಿನ್ನೆ ಸಂಜೆ ಎಲ್ಲಿದ್ದೆ?" ಅವಳು ತಮ್ಮನ ಕಡೆ ತಿರುಗಿದಳು.

"ಬೆಳಗಿನ ಪಾಳಿ ಮುಗಿಸಿ ಮುಂದಿನ ರೂಮಲ್ಲಿ ಮಲಗಿದ್ದೆ. ಸೀಟಿ ಕೇಳಿಸ್ತು, ಎದ್ದು ಸಾಹುಕಾರನ್ನ ಬಿಟ್ಟೆ."

"ಎಲ್ಲಿಂದ ಕೇಳಿಸ್ತು?"

ಕಂಡಕ್ಟರ್ ನೆಲ ನೋಡಿದ. "ಹೊರಗಿಂದ."

"ನನ್ನ ಕಣ್ಣು ನೋಡಿ ಹೇಳು."

"ಅಕ್ಕ, ಯಾಕೆ ಪೀಡಿಸ್ತೀಯ? ನಾನೇ ಊದಿದ್ದು ಅಂತ ಬರ್ಕೋ. ತಮಾಷೆಗೆ ಊದ್ದೆ. ಆಯ್ತಲ್ಲ?"

"ಮೇಷ್ಟ್ರನ್ನ ಹೊಡೆದದ್ದೂ ತಮಾಷೆಗೇನಾ?"

ಅವನು ತಲೆ ಎತ್ತಿದ. ಬಾಯಿ ತೆರೆದೇ ಇತ್ತು. ಮೂವತ್ತು ವರ್ಷ ಅವನ ಸುಳ್ಳುಗಳನ್ನು ಹಿಡಿದ ಅಕ್ಕನಿಗೆ ಆ ಮುಖ ಸಾಕಾಯಿತು. ಹೊಡೆದ ವಿಷಯ ಅವನಿಗೆ ಗೊತ್ತೇ ಇರಲಿಲ್ಲ.

"ಹೊಡೆದ್ರಾ? ಯಾರು? ನಾಯಿ ಕೆಡವಿತು ಅಂತ..."

"ನೀನು ಯಾರನ್ನ ಮುಚ್ಚಿಡ್ತಿದೀಯ?"

ಮಂಚದ ಕಡೆಯಿಂದ ಗಾಳಿ ಸುಯ್ದಂತೆ ಒಂದು ದನಿ ಬಂತು.

"ಅವನನ್ನ ಬಿಡು ಮಗಳೇ. ಊದಿದ್ದು ನಾನು."

ಅಮ್ಮ ಆಡುವ ಒಂದು ಕೈಯನ್ನು ದಿಂಬಿನ ಕೆಳಗೆ ಹಾಕಿ ಕೆಂಪು ಪ್ಲಾಸ್ಟಿಕ್ ಸೀಟಿಯನ್ನು ಹೊರಗೆ ತೆಗೆದಳು. ಪೊಲೀಸಕ್ಕ ಮಂಚದ ಅಂಚಿಗೆ ಕೂತಳು.

"ನೀನಾ? ಕೋಳಿ ಹೊರಗಿದಾವೆ ಅಂತ ನಿನಗೆ ಗೊತ್ತಿರಲಿಲ್ವಾ?"

"ಗೊತ್ತಿತ್ತು." ಅಮ್ಮನ ಕಣ್ಣಿಂದ ನೀರು ಕಿವಿಯ ಕಡೆಗೆ ಹರಿಯಿತು. "ಈ ಕಿಟಕಿಯಿಂದ ತೊಟ್ಟಿ ಕಾಣತ್ತೆ. ಮೇಷ್ಟ್ರು ಬಗ್ಗಿ ಕೋಳಿಗೆ ನೀರು ತುಂಬ್ತಿದ್ರು. ಹಿಂದಿಂದ ಒಬ್ಬ ಬಂದ. ಏನೋ ಜೋರಾಗಿ ಮಾತಾಯ್ತು. ಮೇಷ್ಟ್ರು 'ಇದನ್ನ ನಾನು ಮುಚ್ಚಿಡಲ್ಲ' ಅಂತ ಕೈ ಜಾಡಿಸಿ, ಮತ್ತೆ ಬಗ್ಗಿದ್ರು. ಅವನು ನಲ್ಲಿ ಪಕ್ಕದಲ್ಲಿದ್ದ ಪೈಪ್ ತೊಗೊಂಡು ಹೊಡೆದ."

ಕಂಡಕ್ಟರ್ ಬಾಗಿಲಿಗೆ ಒರಗಿದ.

"ಮೇಷ್ಟ್ರು ಬಿದ್ರು. ಅವನು ಇನ್ನೊಂದು ಸಲ ಎತ್ತಿದ. ನಾನು ಕೂಗಿದೆ. ನನ್ನ ಕೂಗು ಈ ಮಂಚ ದಾಟತ್ತಾ? ಕೈಗೆ ಸಿಕ್ಕಿದ್ದು ಇವನ ಅಂಗಿ. ಸೀಟಿ ಊದಿದ್ರೆ ಇಡೀ ಓಣಿ ನಾಯಿ ಬಿಡತ್ತೆ, ನಾಯಿಗಳು ಅವನ ಮೇಲೆ ಬೀಳ್ತಾವೆ, ಮೇಷ್ಟ್ರು ಉಳೀತಾರೆ ಅಂದ್ಕೊಂಡೆ. ಕೋಳಿ ಹೋದ್ರೆ ಹೋಗ್ಲಿ."

ಹಿತ್ತಲಿನಲ್ಲಿ ಯಾರೋ ಪೊರಕೆಯಿಂದ ಪುಕ್ಕ ಗುಡಿಸುವ ಸದ್ದು ಕೇಳುತ್ತಿತ್ತು. ಪೊಲೀಸಕ್ಕನಿಗೆ ಅಮ್ಮನನ್ನು ತಬ್ಬಿಕೊಳ್ಳಬೇಕು ಎನ್ನಿಸಿತು. ಹಾಸಿಗೆ ಹಿಡಿದ ಈ ಜೀವ ಒಬ್ಬ ಮನುಷ್ಯನನ್ನು ಉಳಿಸಲು ಓಣಿಯನ್ನೇ ಎಬ್ಬಿಸಿತ್ತು. ಆದರೂ ನಿನ್ನೆಯಿಂದ ಒಂದು ಮಾತೂ ಆಡಿರಲಿಲ್ಲ. ಅದು ಯಾಕೆಂದು ಅರ್ಥವಾಗಲಿಲ್ಲ.

"ನಾಯಿಗಳು ಬಂದ್ವಾ?"

"ಬಂದ್ವು. ಸಾಹುಕಾರ ಎಲ್ಲಕ್ಕಿಂತ ಮುಂದೆ. ನೇರ ಅವನ ಹತ್ರಕ್ಕೇ ಓಡ್ತು."

"ಕಚ್ತಾ?"

ಅಮ್ಮ ದಿಂಬಿನ ಮೇಲೆ ತಲೆಯನ್ನು ಅತ್ತಿತ್ತ ಹೊರಳಿಸಿದಳು.

"ಬಾಲ ಅಲ್ಲಾಡಿಸ್ತು. ಅವನ ಕೈ ನೆಕ್ತು. ಉಳಿದವೂ ಸುತ್ತ ನಿಂತು ಕುಣಿದ್ವು. ಅವನು ಪೈಪ್ ಬಿಸಾಕಿ, ಸಾಹುಕಾರನ ತಲೆ ಸವರಿ, ಗೇಟಿನ ಕಡೆ ಹೋದ. ಆಮೇಲೆ ಅವಕ್ಕೆ ಕೋಳಿ ಕಂಡ್ವು."

ಈ ಓಣಿಯ ನಾಯಿಗಳು ಪೋಸ್ಟ್‌ಮ್ಯಾನನ್ನೂ ಒಳಗೆ ಬಿಡುವುದಿಲ್ಲ. ಅವು ಬಾಲ ಅಲ್ಲಾಡಿಸಬೇಕಾದರೆ ಬಂದವನು ಅವುಗಳ ಬಳಕೆಯ ಮನುಷ್ಯನಾಗಿರಬೇಕು.

"ಯಾರಮ್ಮ ಅವನು?"

"ನಿನ್ನೆಯಿಂದ ನನ್ನ ಕಣ್ಣೇ ಸುಳ್ಳಾಗಲಿ ಅಂತ ಕೇಳ್ಕೊಳ್ತಿದೀನಿ."

"ಅಮ್ಮ, ಮೇಷ್ಟ್ರು ಇನ್ನೂ ಬದುಕಿದಾರೆ. ಯಾರು ಅಂತ ಹೇಳು."

"ಹೇಳಿದ್ರೆ ನಿನ್ನ ಬಾಳು ಏನಾಗತ್ತೆ ಮಗಳೇ?"

"ನನ್ನ ಬಾಳಿಗೂ ಇದಕ್ಕೂ ಏನು?"

ಅಮ್ಮ ಮಗಳ ಮಣಿಕಟ್ಟನ್ನು ಹಿಡಿದುಕೊಂಡಳು. ಆ ಕೈಯಲ್ಲಿ ಅಷ್ಟು ಬಲ ಉಳಿದಿದೆ ಎಂದು ಯಾರಿಗೂ ಗೊತ್ತಿರಲಿಲ್ಲ.

"ವಾರ ವಾರ ನನಗೆ ಮಾತ್ರೆ ತಂದುಕೊಟ್ಟು, ಹೋಗ್ತಾ ನಾಯಿಗಳಿಗೆಲ್ಲ ಬಿಸ್ಕತ್ತು ಹಾಕಿ ಹೋಗೋರು ಇನ್ಯಾರಿದಾರೆ? ನಿನ್ನ ಗಂಡ."

"ಭಾವಾನಾ?" ಎಂದ ಕಂಡಕ್ಟರನ ದನಿ ಎಲ್ಲೋ ದೂರದಿಂದ ಬಂದಂತಿತ್ತು. ಪೊಲೀಸಕ್ಕನಿಗೆ ಮೊದಲು ನಗು ಬಂತು, ನಿಜವಾಗಿಯೂ ಬಂತು. ಸಾರಿಗೆ ಉಪ್ಪು ಜಾಸ್ತಿಯಾದರೆ ಅದನ್ನು ಹೇಳಲೂ ಹೆದರುವ ಮನುಷ್ಯ. ಮನೆಯಲ್ಲಿ ಜಿರಲೆ ಕಂಡರೆ ಅವಳನ್ನು ಕೂಗುವ ಮನುಷ್ಯ.

ನಗು ಅಷ್ಟಕ್ಕೇ ನಿಂತಿತು. ಮೇಷ್ಟ್ರು ಇವತ್ತೇ ಕಣ್ಣು ಬಿಡಬಹುದು ಎಂದು ಅವಳೇ ಅವನಿಗೆ ಹೇಳಿದ್ದಳು.

ಅವಳು ಫೋನ್ ತೆಗೆದಳು. ಮೇಷ್ಟ್ರ ಮಗಳು ಎತ್ತಿದಳು. ಹಿಂದೆ ಬಸ್ಸಿನ ಸದ್ದು ಕೇಳುತ್ತಿತ್ತು.

"ಎಲ್ಲಿದೀಯ?"

"ಮನೆಗೆ ಬರ್ತಿದೀನಿ ಅಕ್ಕ. ಭಾವ ಬಂದ್ರು. ನಿನ್ನೆಯಿಂದ ಕೂತಿದೀಯ, ಸ್ನಾನ ಮಾಡಿ ಒಂದು ತುತ್ತು ತಿಂದು ಬಾ, ನಾನು ಮೇಷ್ಟ್ರ ಹತ್ರ ಇರ್ತೀನಿ ಅಂದ್ರು. ನೀವೇ ಕಳಿಸಿದ್ರಂತೆ."

"ಅಲ್ಲೇ ಇಳಿದು ವಾಪಸ್ ಹೋಗು."

"ಯಾಕಕ್ಕ? ಏನಾಯ್ತು?"

"ಮೊದಲು ಇಳಿ. ಆಟೋ ಹಿಡಿ. ಓಡು."

ಆಸ್ಪತ್ರೆಯ ನಂಬರಿಗೆ ಮಾಡಿದಳು. ಬಿಜಿ ಬಂತು. ಮತ್ತೆ ಮಾಡಿದಳು, ಮತ್ತೆ ಬಿಜಿ. ತಮ್ಮ ಆಗಲೇ ಹೊರಗೆ ಬೈಕ್ ಸ್ಟಾರ್ಟ್ ಮಾಡುತ್ತಿದ್ದ. ಅವಳು ಹಿತ್ತಲು ದಾಟಿ ಓಡಿದಳು. ಹುಂಜದ ಮಾಮ ಏನೋ ಕೇಳಿದ, ಅವಳಿಗೆ ಕೇಳಿಸಲಿಲ್ಲ.

ಬೈಕ್ ಹತ್ತುತ್ತಲೇ ಅವಳು ಗಂಡನ ನಂಬರ್ ಒತ್ತಿದಳು. ಮಾತಾಡಿಸುತ್ತ ಇರಬೇಕು, ಏನಾದರೂ ಹೇಳಿ ಅವನನ್ನು ಆ ಮಂಚದಿಂದ ದೂರ ಇಡಬೇಕು. ಅವನು ಮೊದಲ ರಿಂಗಿಗೇ ಎತ್ತಿದ.

"ಹೇಳು," ಎಂದ. ದಿನವೂ ಅನ್ನುವ ಅದೇ ಮೆತ್ತನೆಯ ದನಿ. "ನಾನೇ ಮಾಡಬೇಕು ಅಂತಿದ್ದೆ. ಮೇಷ್ಟ್ರು ಈಗ ತಾನೇ ಕಣ್ಣು ಬಿಟ್ಟರು. ನನ್ನನ್ನೇ ನೋಡ್ತಿದಾರೆ."